ಮೂರನೆಯ ಹಿಡಿ ಅರಳು

ದೆವ್ವ, ಮೈಮೇಲೆ ಬರುವುದು, ಸತ್ತವರು ಬಂದು ಮಾತಾಡುವುದು ಇವನ್ನೆಲ್ಲ ನನ್ನಷ್ಟು ಗೇಲಿ ಮಾಡಿದವರು ನಮ್ಮ ಬಳಗದಲ್ಲಿ ಇನ್ನೊಬ್ಬರಿಲ್ಲ. ನಮ್ಮ ಸೋದರತ್ತೆಯ ಮೈಮೇಲೆ ದೇವರು ಬಂದಾಗ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ನಾನು ಗಡಿಯಾರ ಹಿಡಿದುಕೊಂಡು ಆಕೆಯ ನಾಡಿ ಎಣಿಸಲು ಹೋಗಿ ಮನೆಮಂದಿಯಿಂದ ಬೈಸಿಕೊಂಡವನು. ಆಮೇಲೆ ತುಂಬ ಬದಲಾಗಿದ್ದೇನೆ ಎಂದೇನೂ ಹೇಳಲಾರೆ. ಈಗಲೂ ಯಾರಾದರೂ ಇಂಥ ಮಾತು ತೆಗೆದರೆ ನನಗೆ ನಗು ಬರುತ್ತದೆ. ಅಷ್ಟರಲ್ಲಿ ನನ್ನ ಎಡಗೈ ನೆನಪಾಗಿ ಸುಮ್ಮನಾಗುತ್ತೇನೆ. ಯಾಕೆ ಸುಮ್ಮನಾಗುತ್ತೇನೆ ಎಂದು ಇದುವರೆಗೆ ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೂ ಪೂರ್ತಿ ಹೇಳಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಬಟ್ಟೆಗೆ ಹಾಕುವ ಬಣ್ಣ ಮಾರುವ ಒಂದು ಕಂಪನಿಯಲ್ಲಿ ನನಗೆ ಕೆಲಸವಿತ್ತು. ಆಫೀಸು ಕೊಯಮತ್ತೂರಿನ ಗಾಂಧಿಪುರಂನಲ್ಲಿ, ತಿರುಗಾಟವೆಲ್ಲ ತಿರುಪ್ಪೂರಿನ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ. ಎರಡಕ್ಕೂ ಅನುಕೂಲವಾಗಲೆಂದು ಪಲ್ಲಡಂ ಹತ್ತಿರದ ಒಂದು ನೇಕಾರರ ಬೀದಿಯಲ್ಲಿ ಮಾಳಿಗೆಯ ಮೇಲಿನ ಒಂದು ಕೋಣೆ ಹಿಡಿದಿದ್ದೆ. ಬೀದಿಯ ಹೊರಗೆಲ್ಲ ತಮಿಳು; ಹೊಸ್ತಿಲು ದಾಟಿ ಒಳಗೆ ಹೋದರೆ ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದ ಜನ. ಅವರ ಕನ್ನಡಕ್ಕೆ ತಮಿಳಿನ ರಾಗವಿತ್ತು, ನಮ್ಮ ಅಕ್ಷರ ಒಬ್ಬರಿಗೂ ಬರುತ್ತಿರಲಿಲ್ಲ. ಮೊದಲ ದಿನ ಮನೆಯ ಯಜಮಾನಿ ಸೌಡಮ್ಮ ನನ್ನ ಮಾತು ಕೇಳಿ, "ನೀನು ರೇಡಿಯೋದಲ್ಲಿ ಮಾತಾಡ್ದಂಗೆ ಮಾತಾಡ್ತೀಯ ತಂಬಿ," ಎಂದು ನಕ್ಕಿದ್ದರು. ಅವರ ಬಾಯಲ್ಲಿ ನಾನು ಕೊನೆಯವರೆಗೂ ತಂಬಿಯೇ, ಎಂದರೆ ತಮ್ಮ.

ಸೌಡಮ್ಮ ವಿಧವೆ. ಗಂಡ ಹೋಗಿ ಒಂದೂವರೆ ವರ್ಷವಾಗಿತ್ತು. ನಡುಮನೆಯಲ್ಲಿ ನೆಲ ಅಗೆದು ಕೂರಿಸಿದ ಕುಣಿಮಗ್ಗ. ಬೆಳಗಿನಿಂದ ಸಂಜೆಯವರೆಗೆ ಸೊಂಟದವರೆಗೂ ಆ ಕುಣಿಯಲ್ಲಿ ಇಳಿದು ಕೂತು ಸೀರೆ ನೇಯುತ್ತಿದ್ದರು. ಮಕ್ಕಳು ಇಬ್ಬರು. ಮಗಳು ಕನಕ. ಮಗ ಪಳನಿ, ಸೈನ್ಯದಲ್ಲಿ ಲಾರಿ ಓಡಿಸುವವನು. ಸುತ್ತಲೂ ವಿದ್ಯುತ್ ಮಗ್ಗಗಳು ಎದ್ದು ಕೈಮಗ್ಗಕ್ಕೆ ಕೂಲಿ ಕಡಿಮೆಯಾದಾಗ ಆ ಹುಡುಗ ಸೈನ್ಯಕ್ಕೆ ಸೇರಿದ್ದ. ದೇಶಭಕ್ತಿ, ಶೌರ್ಯ ಏನೂ ಇಲ್ಲ. ಊಟ, ಬಟ್ಟೆ, ತಂಗಿಯ ಮದುವೆ, ಇಷ್ಟೇ ಅವನ ಲೆಕ್ಕ. ನಾನು ಅವನನ್ನು ಒಮ್ಮೆಯೂ ನೋಡಿದವನಲ್ಲ. ಗೋಡೆಯ ಮೇಲೆ ಒಂದು ಫೋಟೋ ಇತ್ತು. ಸಮವಸ್ತ್ರ, ದೊಡ್ಡ ಕಿವಿ, ಕೈ ಎರಡೂ ಬೆನ್ನ ಹಿಂದೆ.

ನಾನು ಆ ಮನೆಗೆ ಹೋಗುವ ವೇಳೆಗೆ ಅವನ ದಳವನ್ನು ಶ್ರೀಲಂಕಾಕ್ಕೆ ಕಳಿಸಿದ್ದರು. ಅಲ್ಲಿಂದ ಬರುವ ಕಾಗದಗಳನ್ನು ಕನಕ ಮಗ್ಗದ ಪಕ್ಕ ಕೂತು ಓದುತ್ತಿದ್ದಳು. ಅಕ್ಷರ ತಮಿಳು, ಮಾತು ಮನೆಯ ಕನ್ನಡ. ತಮಿಳು ಓದಲು ಬಾರದ ನಾನು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ಒಂದು ಕಾಗದದಲ್ಲಿ ಅವನು ಬರೆದಿದ್ದ: ಇಲ್ಲಿಯ ಜನವೂ ನಮ್ಮೂರ ಕಡೆಯವರ ಹಾಗೆ ತಮಿಳು ಮಾತಾಡುತ್ತಾರೆ, ನನಗೆ ಭಾಷೆ ಬರುತ್ತದೆ ಅಂತ ಎಲ್ಲ ಕಡೆ ನನ್ನ ಲಾರಿಯನ್ನೇ ಮುಂದೆ ಬಿಡುತ್ತಾರೆ, ಒಬ್ಬಳು ಅಜ್ಜಿ ನನ್ನ ಮಾತು ಕೇಳಿ ನೀನು ಯಾವೂರ ಮಗ, ಇಲ್ಲಿ ನಿನಗೇನು ಕೆಲಸ ಅಂತ ಕೇಳಿದಳು. ಅದನ್ನು ಓದಿದ ದಿನ ಸೌಡಮ್ಮ ಲಾಳಿ ಕೆಳಗಿಟ್ಟವರು ಸಂಜೆಯವರೆಗೆ ಮತ್ತೆ ಮುಟ್ಟಲಿಲ್ಲ.

ಹೊರಗೂ ಆ ಯುದ್ಧದ ಹೆಸರೆತ್ತುವ ಹಾಗಿರಲಿಲ್ಲ. ಬಸ್ಸಿನಲ್ಲಿ, ಚಹಾದ ಅಂಗಡಿಯಲ್ಲಿ, ನಮ್ಮ ಸೈನ್ಯ ಅಲ್ಲಿ ನಮ್ಮ ತಮಿಳರನ್ನೇ ಕೊಲ್ಲುತ್ತಿದೆ ಎಂದು ಜನ ಗಟ್ಟಿಯಾಗಿಯೇ ಬೈಯುತ್ತಿದ್ದರು. ಮಗ ಎಲ್ಲಿದ್ದಾನೆ ಎಂದು ಯಾರಾದರೂ ಕೇಳಿದರೆ ಸೌಡಮ್ಮ "ನಾರ್ತ್‌ನಲ್ಲಿ" ಎನ್ನುತ್ತಿದ್ದರು.

ಕನಕಳ ಮದುವೆ ಧಾರಾಪುರದ ಒಂದು ಮನೆಗೆ ನಿಶ್ಚಯವಾಗಿತ್ತು. ತಂದೆಯ ಸಾವಿನಿಂದ ಒಮ್ಮೆ ಮುಂದಕ್ಕೆ ಹೋಗಿದ್ದ ಮದುವೆ. ಇನ್ನೊಮ್ಮೆ ನಿಂತರೆ ಹುಡುಗಿಯ ಕಾಲ್ಗುಣ ಸರಿಯಿಲ್ಲ ಎಂದು ಬೇರೆ ಹುಡುಗಿಯನ್ನು ನೋಡಿಕೊಳ್ಳಲು ಗಂಡಿನ ಕಡೆಯ ಅಜ್ಜಿಯೊಬ್ಬಳು ಕಾದು ಕೂತಿದ್ದಳು. ಪಳನಿ ರಜೆ ಕೇಳಿದ್ದ. ಅಗ್ನಿಯ ಮುಂದೆ ಮದುವಣಗಿತ್ತಿಯ ಬೊಗಸೆಗೆ ಅವಳ ಅಣ್ಣ ಮೂರು ಸಲ ಅರಳು ಹಾಕಬೇಕು; ಅವರ ಬಾಯಲ್ಲಿ ಅದು ಪೊರಿ. 'ಪೊರಿ ಹಾಕೋಕೆ ನಾನೇ ಬತ್ತೀನಿ, ಇನ್ಯಾರ ಕೈಲೂ ಹಾಕಿಸ್ಬೇಡಿ' ಎಂದು ಬರೆದಿದ್ದ. ಆ ಸಾಲನ್ನು ಸೌಡಮ್ಮ ಎರಡೆರಡು ಸಲ ಓದಿಸಿ ಕೇಳಿದರು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ನಾನು ತಿರುಪ್ಪೂರಿನಿಂದ ಬೇಗ ಬಂದೆ. ಎಲ್ಲರೂ ಪಾತ್ರೆ ಪಗಡ ಹೊತ್ತು ಕುಲದ ದೇವಸ್ಥಾನದ ಪಕ್ಕದ ಮಂಟಪಕ್ಕೆ ಹೋಗಿದ್ದರು. ಬಾಗಿಲಲ್ಲಿ ಅಂಚೆಯವನು ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದ. ತಂತಿ. ಆ ಬೀದಿಗೆ ಇಂಗ್ಲಿಷಿನಲ್ಲಿ ಏನು ಬಂದರೂ ಓದಿ ಹೇಳುವವನು ನಾನೇ ಆದ್ದರಿಂದ ಅವನು ಎರಡನೇ ಯೋಚನೆ ಮಾಡದೆ ನನ್ನ ಕೈಗೆ ಕೊಟ್ಟು ರುಜು ಹಾಕಿಸಿಕೊಂಡ. ಪಳನಿಗೆ ರಜೆ ಸಿಕ್ಕಿರಬೇಕು ಎಂದುಕೊಂಡೇ ಒಡೆದೆ. ಕರ್ತವ್ಯದಲ್ಲಿದ್ದಾಗ ಮಡಿದಿದ್ದಾನೆ, ಅಲ್ಲಿಯೇ ಅಂತ್ಯಕ್ರಿಯೆ ಆಗಿದೆ, ವಿಷಾದಿಸುತ್ತೇವೆ. ಮೂರು ಸಾಲು. ಮನೆಯ ಮುಂದೆ ಹಾಕಿದ್ದ ಮದುವೆಯ ಚಪ್ಪರದ ಕೆಳಗೆ ನಿಂತು ಅದನ್ನು ಓದಿದೆ.

ಸೌಡಮ್ಮನ ತಮ್ಮ ರಂಗಸಾಮಿ ದೀಪದ ಕಂಬ ಒಯ್ಯಲು ಮನೆಗೆ ಬಂದದ್ದು ಆಗಲೇ. ನನ್ನ ಮುಖ ನೋಡಿ ನಿಂತುಬಿಟ್ಟರು. ಹೇಳಿದೆ. ಅವರು ಜಗಲಿಯ ಮೇಲೆ ಕೂತು ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡು ಅತ್ತರು. ಅಂಥ ದೊಡ್ಡ ಆಳು ಹಾಗೆ ಸದ್ದಿಲ್ಲದೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ ಮುಖ ಒರೆಸಿಕೊಂಡು, ತಂತಿಯ ಕಾಗದವನ್ನು ನಾಲ್ಕಾಗಿ ಮಡಚಿ ನನ್ನ ಶರಟಿನ ಜೇಬಿಗೆ ತಾವೇ ಇಟ್ಟರು.

"ನಾಳೆ ಮದ್ಯಾನದವರೆಗೆ ಇದು ನಿಮ್ ಹತ್ರಾನೇ ಇರ್ಲಿ ಸಾರ್. ನಾನಿಟ್ಕೊಂಡ್ರೆ ನನ್ ಮುಖಾನೇ ಸೊಲ್ಲಿಬಿಡತ್ತೆ."

"ಅವನ ತಾಯಿ ಅವರು. ಹೇಳದೆ ಇರುವುದು ಹೇಗೆ?"

"ಕಿವಿಗೆ ಬಿದ್ಮೇಲೆ ಅಲ್ವ ತೀಟು? ಅಕ್ಕನ ಕಿವಿಗೆ ಬಿದ್ರೆ ಕಲ್ಯಾಣ ನಿಂತೋಯ್ತು. ಅವನೂ ಹೋದ, ಆ ಹುಡುಗಿ ಬಾಳೂ ಹೋಗ್ಬೇಕಾ?"

ತೀಟು ಎಂದರೆ ಸೂತಕ. ನಾನು ಒಪ್ಪಿದೆ. ಓದಿದ್ದು ರಸಾಯನಶಾಸ್ತ್ರ, ಸೂತಕದ ಮೇಲೆ ನಂಬಿಕೆಯಿಲ್ಲ, ಆದರೂ ಒಪ್ಪಿದೆ. ಆ ಹುಡುಗಿಯ ಮೇಲಿನ ಕರುಣೆಯಿಂದ ಎಂದು ಅಂದುಕೊಂಡಿದ್ದೆ. ಈಗ ನೋಡಿದರೆ, ಆ ಮೂರು ಸಾಲನ್ನು ಸೌಡಮ್ಮನ ಎದುರು ಓದುವ ಧೈರ್ಯ ನನಗಿರಲಿಲ್ಲ. ನಾಳೆಯವರೆಗೆ ತಪ್ಪಿತಲ್ಲ ಎಂದು ಒಳಗೊಳಗೇ ಹಗುರಾಗಿದ್ದೆ.

ಸಂಜೆ ಮಂಟಪದಲ್ಲಿ ಸೌಡಮ್ಮ ನನ್ನನ್ನು ಕರೆದರು. ಪಳನಿ ಮದರಾಸಿನಲ್ಲಿ ರೈಲು ತಪ್ಪಿಸಿಕೊಂಡಿರಬೇಕು, ಬೆಳಗಿನ ಬಸ್ಸಿಗೆ ಬಂದರೂ ಬಂದ ಎಂದರು. "ಅವ್ನ್ ಬರ್ಲಿಲ್ಲಾಂದ್ರೆ ನೀನೇ ಪೊರಿ ಹಾಕ್ಬುಡು ತಂಬಿ. ನೀನೂ ಅವಳಿಗೆ ಅಣ್ಣನೇ."

ರಂಗಸಾಮಿ ಇದ್ದಾರಲ್ಲ, ಅವರ ಮಗನಿದ್ದಾನಲ್ಲ ಎಂದೆ. ರಂಗಸಾಮಿ ಕಂಬದ ಮರೆಯಿಂದ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಪಕ್ಕಕ್ಕೆ ಕರೆದು ಹೇಳಿದರು: ಸುದ್ದಿ ಕೇಳಿದ ರಕ್ತ ಸಂಬಂಧದವನು ತಾನು, ಮಂಗಳದ ವಸ್ತು ಯಾವುದನ್ನೂ ತಾನು ಮುಟ್ಟಬಾರದು, ಮಗನೂ ತನ್ನ ಮನೆಯವನೇ, ನಿಮಗೆ ನಮ್ಮ ತೀಟು ಇಲ್ಲ, ನೀವೇ ಹಾಕಿ. ಆ ಮನುಷ್ಯ ಸೊಂಟ ಹಿಡಿದಿದೆ ಎಂದು ಸುಳ್ಳು ಹೇಳಿ ಮದುವೆ ಮುಗಿಯುವವರೆಗೆ ತಾಳಿಯ ತಟ್ಟೆ, ಕುಂಕುಮ, ಅಕ್ಷತೆ ಯಾವುದನ್ನೂ ಮುಟ್ಟಲಿಲ್ಲ. ನಾನು ಒಬ್ಬನೇ ಅದನ್ನು ಗಮನಿಸುತ್ತಿದ್ದೆ.

ಮುಹೂರ್ತ ಸೂರ್ಯೋದಯದ ಹೊತ್ತಿಗೆ. ಒಳ್ಳೆ ಬೆಳಕಿತ್ತು, ಜನವಿದ್ದರು, ನಾಗಸ್ವರ ಇತ್ತು. ಹೆದರಿಕೆಗೆ ಆಸ್ಪದ ಕೊಡುವಂಥದ್ದು ಒಂದೂ ಇರಲಿಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ. ನಾನು ರಾತ್ರಿ ಚೆನ್ನಾಗಿ ನಿದ್ದೆ ಮಾಡಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಜೇಬಿನಲ್ಲಿ ತಂತಿ ಇತ್ತು. ಸೌಡಮ್ಮ ಮಣೆಯ ಪಕ್ಕ ನಿಂತು ಬಾಗಿಲಿಗೂ ಅಗ್ನಿಗೂ ನಡುವೆ ಕಣ್ಣಾಡಿಸುತ್ತಿದ್ದರು.

ಕನಕ ತಲೆ ತಗ್ಗಿಸಿ ಬೊಗಸೆ ಒಡ್ಡಿದಳು. ಗಂಡು ಕೆಳಗಿನಿಂದ ಅವಳ ಕೈಗೆ ಕೈಕೊಟ್ಟಿದ್ದ. ಅವಳಿಗೆ ಕಾಣುತ್ತಿದ್ದದ್ದು ಅರಳು ಹಾಕುವ ಕೈ ಮಾತ್ರ. ಮೊದಲ ಸಲ ಬಲಗೈಯಿಂದ ಹಾಕಿದೆ. ನಾಲ್ಕು ಕಾಳು ಕೆಳಗೆ ಬಿದ್ದವು. ಅಗ್ನಿ ಸುತ್ತಿ ಬಂದರು. ಎರಡನೆಯ ಸಲವೂ ಹಾಗೆಯೇ. ಮತ್ತೆ ಸುತ್ತಿ ಬಂದರು.

ಮೂರನೆಯ ಸಲ ನನ್ನ ಎಡಗೈ ಅರಳಿನ ಮೊರಕ್ಕೆ ಹೋಯಿತು. ನಾನು ಕಳಿಸಲಿಲ್ಲ, ಇಷ್ಟನ್ನು ಆಣೆಯಿಟ್ಟು ಹೇಳಬಲ್ಲೆ. ಕೈ ಭಾರವಾಗಲಿಲ್ಲ, ತಣ್ಣಗಾಗಲಿಲ್ಲ, ಮೈ ಜುಮ್ಮೆನ್ನಲೂ ಇಲ್ಲ. ಬಸ್ಸಿನ ಕಿಟಕಿಯಿಂದ ಹೊಲದಲ್ಲಿ ಯಾರೋ ಕೆಲಸ ಮಾಡುವುದನ್ನು ನೋಡಿದ ಹಾಗೆ ನನ್ನ ಕೈಯ ಕೆಲಸವನ್ನು ನಾನು ನೋಡಿದೆ. ಅದು ಒಂದು ಹಿಡಿ ಅರಳನ್ನು ಒಂದು ಕಾಳೂ ಚೆಲ್ಲದೆ ಅವಳ ಬೊಗಸೆಗೆ ಸುರಿಯಿತು. ಪುರೋಹಿತರು ಬಲಗೈ, ಬಲಗೈ ಎಂದು ತಮಿಳಿನಲ್ಲಿ ಗದರಿದರು. ಕೈ ಕೇಳಲಿಲ್ಲ. ಕನಕಳ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿತು. ಮುಚ್ಚಿದ ಮುಷ್ಟಿಯ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿತು.

"ಅಣ್ಣಾ, ಯಾವಾಗ ಬಂದೆ?" ಎಂದು ಕನಕ ತಲೆಯೆತ್ತಿದಳು.

ಎದುರಿಗೆ ನಾನಿದ್ದೆ. ಅವಳ ಮುಖದ ನಗು ಹಾಗೇ ನಿಂತು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಆ ಮುಖವನ್ನು ನಾನು ಬೇಡವೆಂದರೂ ಮರೆಯಲಾರೆ. ಅಷ್ಟರಲ್ಲಿ ಪುರೋಹಿತರು ಅವಸರ ಮಾಡಿದರು, ಅರಳು ಬೆಂಕಿಗೆ ಬಿತ್ತು, ನಾಗಸ್ವರ ಜೋರಾಯಿತು. ಮಗಳ ಕೂಗು ಕೇಳಿದ ಸೌಡಮ್ಮ ಆಗಲೇ ಬಾಗಿಲಿಗೆ ಓಡಿದ್ದರು. ಬೀದಿಯ ತುದಿಯವರೆಗೂ ಹೋಗಿ ನೋಡಿ ಬಂದು, "ಇನ್ನೊಂದು ಬಸ್ ಇದೆ, ಊಟದ ಹೊತ್ಗೆ ಬತ್ತಾನೆ," ಎಂದರು. ಗೆಲುವಾಗಿಯೇ ಇದ್ದರು. ಪಂಕ್ತಿಯಲ್ಲಿ ಎಲ್ಲರಿಗೂ ತಾವೇ ಪಾಯಸ ಬಡಿಸಿದರು. ಬೀಗಿತ್ತಿಯ ಪಕ್ಕ ಕೂತು ತಾವೂ ಎರಡು ಸಲ ಹಾಕಿಸಿಕೊಂಡು ಉಂಡರು. ನಾನು ಎಲೆಯ ಮುಂದೆ ಕೂರಲಿಲ್ಲ. ಮಂಟಪದ ಹಿಂದಿನ ನಲ್ಲಿಯ ಹತ್ತಿರ ಹೋಗಿ ಎಡಗೈಯನ್ನು ತಿಕ್ಕಿ ತಿಕ್ಕಿ ತೊಳೆದೆ, ಯಾಕೆಂದು ಕೇಳಬೇಡಿ.

ಮದುವಣಗಿತ್ತಿಯ ವ್ಯಾನು ಧಾರಾಪುರದ ಕಡೆ ತಿರುಗಿದ ಮೇಲೆ ರಂಗಸಾಮಿ ಅಕ್ಕನನ್ನು ಮನೆಗೆ ಕರೆತಂದು ಹೇಳಿದರು. ಸೌಡಮ್ಮ ಅಳುತ್ತಾರೆ, ಬೀಳುತ್ತಾರೆ ಎಂದು ನಾವಿಬ್ಬರೂ ಎರಡು ಪಕ್ಕ ನಿಂತಿದ್ದೆವು. ಅವರು ಕೇಳಿದ್ದು ಎರಡೇ ಮಾತು.

"ತಂತಿ ಯಾವಾಗ ಬಂತು?"

"ನೆನ್ನೆ, ಅಕ್ಕಾ."

ಸೌಡಮ್ಮ ನನ್ನ ಕಡೆ ತಿರುಗಿದರು. "ಹಂಗಾದ್ರೆ ಇವತ್ತು ನಾನ್ ಪಾಯಸ ತಿಂದಾಗ ನಿನಗ್ ಗೊತ್ತಿತ್ತಾ ತಂಬಿ?"

ಗೊತ್ತಿತ್ತು ಎಂದೆ. ಅವರು ಹೋಗಿ ಮಗ್ಗದ ಕುಣಿಯಲ್ಲಿ ಇಳಿದು ಕೂತರು. ನೇಯಲಿಲ್ಲ. ಅಲ್ಲಿಯೇ ಕೂತು ಸೆರಗು ಬಾಯಿಗೆ ಒತ್ತಿಕೊಂಡು, ತಿಂದದ್ದನ್ನೆಲ್ಲ ಕಕ್ಕಿದರು.

ಸಾವಿನ ಮನೆ ಎಂದು ಹೇಳಿಕೊಳ್ಳಲೂ ಅಲ್ಲಿ ಏನೂ ಇರಲಿಲ್ಲ. ಹೆಣವಿಲ್ಲ, ಬೂದಿಯೂ ಬರಲಿಲ್ಲ. ಬಂದವರೆಲ್ಲ ಹೊಸ್ತಿಲಲ್ಲೇ ನಿಂತು ಹೋದರು. ಯಾವ ಯುದ್ಧದಲ್ಲಿ ಸತ್ತ ಎಂದು ತಿಳಿದ ಮೇಲೆ ಕೆಲವರು ಬರಲೂ ಇಲ್ಲ. ಬೀದಿಯ ತುದಿಯ ಚಹಾದ ಅಂಗಡಿಯಲ್ಲಿ ಒಬ್ಬ, ನನಗೆ ಕೇಳಿಸುವ ಹಾಗೆ, ಅಲ್ಲಿ ಹೋಗಿ ಎಷ್ಟು ಜನರನ್ನು ಕೊಂದಿದ್ದನೋ ಎಂದ. ಆ ಹುಡುಗ ಲಾರಿ ಓಡಿಸುತ್ತಿದ್ದ ಕಣಯ್ಯ ಎಂದು ಹೇಳಬೇಕಿತ್ತು. ಹೇಳಲಿಲ್ಲ, ಗ್ಲಾಸು ಇಟ್ಟು ಬಂದೆ. ರಸ್ತೆಯಲ್ಲಿ ಹೂತಿಟ್ಟ ಬಾಂಬಿನ ಮೇಲೆ ಅವನ ಲಾರಿ ಹೋಗಿತ್ತಂತೆ, ಭಾಷೆ ಬಲ್ಲವನೆಂದು ಎಂದಿನಂತೆ ಎಲ್ಲರಿಗಿಂತ ಮುಂದೆ.

ಎಂಟೊಂಬತ್ತು ದಿನದ ಮೇಲೆ ಒಂದು ಕಾಗದ ಬಂತು. ಪಳನಿಯದೇ ಕೈಬರಹ. ಸಾಯುವ ಮೊದಲು ಬರೆದು ಹಾಕಿದ್ದು, ದಾರಿಯಲ್ಲಿ ಎಲ್ಲೆಲ್ಲೋ ನಿಂತು ಈಗ ಬಂದಿತ್ತು. ಓದುವ ಕನಕ ಮನೆಯಲ್ಲಿರಲಿಲ್ಲ. ಸೌಡಮ್ಮ ತಮ್ಮನನ್ನು ಕರೆಸಿದರು, ನನ್ನನ್ನೂ ಕೆಳಗೆ ಕರೆದರು. ತಂತಿಯ ವಿಷಯ ತಿಳಿದ ದಿನದಿಂದ ಅವರು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು. ಲಕೋಟೆಯನ್ನು ನಾನೇ ಒಡೆದು ರಂಗಸಾಮಿಗೆ ಕೊಟ್ಟೆ. ಅವರು ಅಲ್ಲಲ್ಲಿ ನಿಂತು ನಿಂತು ಓದಿದರು.

'ಅಮ್ಮಾ, ಲೀವ್ ಕೊಡ್ಲಿಲ್ಲ. ನನಗಾಗಿ ಕಲ್ಯಾಣ ನಿಲ್ಲಿಸ್ಬೇಡಿ. ಮಾಳ್ಗೆ ಮೇಲಿರೋ ಸಾರ್ ಒಳ್ಳೇವ್ರು ಅಂತ ಕನಕ ಬರೆದಿದ್ಳಲ್ಲ, ಅವ್ರ ಕೈಲಿ ಪೊರಿ ಹಾಕ್ಸಿ. ಅವ್ರಿಗೆ ಒಂದ್ ಮಾತು ಸೊಲ್ಲಿ. ಹಾಕಾದ್ಮೇಲೆ ಅವಳ ಮುಷ್ಟಿ ಮುಚ್ಚಿ ಎರಡ್ ಸಲ ತಟ್ಬೇಕು. ಇಲ್ಲಾಂದ್ರೆ ಕತ್ತೆ, ಎಲ್ಲಾ ಚೆಲ್ಬಿಡ್ತಾಳೆ.'

ರಂಗಸಾಮಿ ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಮದುವೆಯ ದಿನ ಆ ತಟ್ಟಿದ್ದನ್ನು ಅವರೂ ನೋಡಿದ್ದರು.

ಆಮೇಲೆ ಸೌಡಮ್ಮ ಹೇಳಿದರು. ಮಕ್ಕಳು ಚಿಕ್ಕವರಿದ್ದಾಗ, ತಾನು ಮಗ್ಗದ ಕುಣಿಯಿಂದ ಏಳಲಾಗದೆ ಕೂತಿರುವಾಗ, ಹಸಿದ ತಂಗಿಗೆ ಪಳನಿಯೇ ಡಬ್ಬಿಯಿಂದ ಹುರಿಗಡಲೆ ತೆಗೆದು ಕೊಡುತ್ತಿದ್ದನಂತೆ. ಅವಳು ಚೆಲ್ಲುತ್ತಾಳೆಂದು ಅವಳ ಪುಟ್ಟ ಮುಷ್ಟಿ ಮುಚ್ಚಿ ಎರಡು ಸಲ ತಟ್ಟಿ ಕಳಿಸುತ್ತಿದ್ದನಂತೆ. "ಯಾವಾಗ್ಲೂ ಎಡಗೈ. ಎಷ್ಟ್ ಹೊಡೆದ್ರೂ ಆ ಕೈ ಬಿಡ್ಲಿಲ್ಲ ಅವ್ನು." ಎಡಗೈಯ ಮಾತು ಕಾಗದದಲ್ಲಿ ಇರಲಿಲ್ಲ.

ಇದಕ್ಕೆ ನಾನು ಹುಡುಕದ ಕಾರಣವಿಲ್ಲ. ಹುರಿಗಡಲೆಯ ಕಥೆಯನ್ನು ಕನಕ ಎಂದೋ ಹೇಳಿದ್ದು ನನ್ನ ಮನಸ್ಸಿನ ಮೂಲೆಯಲ್ಲಿ ಉಳಿದಿರಬಹುದು. ಧಾರಾಪುರಕ್ಕೆ ಹೋದಾಗ ಅವಳನ್ನೇ ಕೇಳಿದೆ. ಇಲ್ಲ, ಅದು ಹೇಳಿಕೊಳ್ಳುವಂಥ ವಿಷಯ ಎಂದು ತನಗೆ ಯಾವತ್ತೂ ಅನಿಸಿರಲಿಲ್ಲ ಎಂದಳು. ನಿದ್ದೆಗೆಟ್ಟಿದ್ದೆ, ತಪ್ಪು ಮಾಡಿದ ಅಳುಕಿತ್ತು, ತಂತಿ ಇದ್ದ ಜೇಬು ಎಡಗಡೆಯದು. ಇವೆಲ್ಲ ಸೇರಿ ಎಡಗೈ ತನ್ನಷ್ಟಕ್ಕೆ ಆಡಿರಬಹುದು. ಆದರೆ ಎರಡು ಸಲ ತಟ್ಟುವುದನ್ನು ಅದಕ್ಕೆ ಕಲಿಸಿದವರು ಯಾರು? ಗೊತ್ತಿಲ್ಲ. ನನ್ನ ಹತ್ತಿರ ಉತ್ತರವಿದ್ದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ಆರು ತಿಂಗಳಾದ ಮೇಲೆ ನನಗೆ ವರ್ಗವಾಯಿತು. ಹೊರಡುವ ದಿನ ಬೆಳಗ್ಗೆ ಪೆಟ್ಟಿಗೆ ಇಳಿಸಿ, ಹೇಳಿ ಹೋಗಲು ಒಳಗೆ ಹೋದೆ. ಸೌಡಮ್ಮ ಮಗ್ಗದಲ್ಲಿ ಕೂತಿದ್ದರು. ಗೋಡೆಯ ಫೋಟೋಕ್ಕೆ ಹಾರ ಬಿದ್ದಿತ್ತು. ಅದರ ಕೆಳಗೆ ಸೈನ್ಯದಿಂದ ಬಂದ ಕಪ್ಪು ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು. ಅವರು ಲಾಳಿ ಬದಿಗಿಟ್ಟು, ಮಗ್ಗದ ಪಕ್ಕದಲ್ಲಿದ್ದ ಒಂದು ಹಳೆಯ ತಗಡಿನ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಒಳಗೆ ಹುರಿಗಡಲೆ.

"ಒಂದ್ಸಲ ನನಗೂ ಹಾಕು ತಂಬಿ," ಎಂದು ಅಂಗೈ ಒಡ್ಡಿದರು. "ಅವತ್ತು ಹಾಕಿದ್ಯಲ್ಲ, ಹಂಗೆ."

ನಾನು ಕುಣಿಯ ಅಂಚಿನಲ್ಲಿ ಮೊಣಕಾಲೂರಿ ಕೂತೆ. ಎಡಗೈಯಲ್ಲಿ ಒಂದು ಹಿಡಿ ತೆಗೆದು ಅವರ ಅಂಗೈಗೆ ಹಾಕಿದೆ. ದಾರ ಎಳೆದೆಳೆದು ಗೆರೆ ಬಿದ್ದಿದ್ದ ಆ ಬೆರಳುಗಳನ್ನು ಒಂದೊಂದಾಗಿ ಮಡಚಿದೆ. ಎರಡು ಸಲ ತಟ್ಟಿದೆ. ಬಾರಪ್ಪಾ, ಒಂದೇ ಒಂದು ಸಲ ಬಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ದೇವರಿಗೂ ಕೈಮುಗಿಯದ ನಾನು, ನೋಡೇ ಇಲ್ಲದ ಒಬ್ಬ ಸತ್ತ ಲಾರಿ ಡ್ರೈವರನ್ನು ಹಾಗೆ ಬೇಡಿಕೊಂಡೆ.

ಸೌಡಮ್ಮ ಕಣ್ಣು ಮುಚ್ಚಿ ಬಹಳ ಹೊತ್ತು ಕಾದರು. ಆಮೇಲೆ ಕಣ್ಣು ಬಿಟ್ಟು, ಕಡಲೆಯನ್ನು ಒಂದು ಕಾಳೂ ಚೆಲ್ಲದ ಹಾಗೆ ಮತ್ತೆ ಡಬ್ಬಿಗೆ ಸುರಿದರು.

"ಇಲ್ಲ ತಂಬಿ," ಎಂದರು. "ಇದು ನಿನ್ ಕೈ."